ಅಲ್ಸರೇಟಿವ್ ಕೊಲೈಟಿಸ್‌ಗೆ ರಾತ್ರಿ ಎನಿಮಾ: ನನ್ನ ಅನುಭವ

ಗದಗದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನನ್ನ ಕೆಲಸ. ದಿನವಿಡೀ ಮಷೀನಿನ ಮುಂದೆ ನಿಂತಿರಬೇಕು. ಸಂಡಾಸಿನಲ್ಲಿ ರಕ್ತ ಕಂಡಾಗ ಎಲ್ಲರೂ ಮೂಲವ್ಯಾಧಿ ಅಂದರು. ನಮ್ಮವ್ವ, ‘ಖಾರ ಬಿಡೋ ತಮ್ಮಾ, ಆರಾಮ ಆಗ್ತದ’ ಅಂದಳು. ಆದರೆ ನನಗೆ ಬರುತ್ತಿದ್ದದ್ದು ಲೋಳೆಯಲ್ಲಿ ಕಲೆತ ರಕ್ತ, ಜೊತೆಗೆ ಭೇದಿ. ನಡುರಾತ್ರಿ ನಿದ್ದೆಯಿಂದ ಎಬ್ಬಿಸಿ ಓಡಿಸುತ್ತಿತ್ತು. ರಾತ್ರಿ ಎಬ್ಬಿಸುವ ಭೇದಿಯನ್ನು ಸುಮ್ನೆ ಬಿಡಬಾರದು.

ಹುಬ್ಬಳ್ಳಿಯಲ್ಲಿ ಕರುಳಿನ ಡಾಕ್ಟರು ಮೊದಲು ಮಲ ಪರೀಕ್ಷೆ ಮಾಡಿಸಿದರು. ಅಮೀಬಾ ಸೋಂಕೂ ಹೀಗೇ ರಕ್ತಭೇದಿ ತರುತ್ತದೆ. ಅದು ಇದ್ದಾಗ ಸ್ಟೆರಾಯ್ಡ್ ಕೊಟ್ಟರೆ ಅಪಾಯ. ಆಮೇಲೆ ಕೊಲೊನೋಸ್ಕೋಪಿ (ಗುದದಿಂದ ಕ್ಯಾಮೆರಾ ಬಿಟ್ಟು ದೊಡ್ಡ ಕರುಳು ನೋಡೋದು), ಬಯಾಪ್ಸಿ (ಕರುಳಿನ ಚೂರು ತೆಗೆದು ಪರೀಕ್ಷೆ). ಕ್ಯಾಮೆರಾಕ್ಕಿಂತ ಹಿಂದಿನ ದಿನ ಹೊಟ್ಟೆ ಖಾಲಿ ಮಾಡಲು ಕುಡಿಸುವ ಆ ನೀರೇ ಜಾಸ್ತಿ ಕಷ್ಟ ಕೊಟ್ಟಿತು.

ಡಾಕ್ಟರು ಚೀಟಿಯ ಹಿಂದೆ ಕರುಳಿನ ಚಿತ್ರ ಬರೆದು ತೋರಿಸಿದರು. ಕರುಳಿಗೆ ಇಂಥ ದೀರ್ಘಕಾಲದ ಉರಿಯೂತ ತರುವ ರೋಗಗಳು ಮುಖ್ಯವಾಗಿ ಎರಡು. ಒಂದು ಕ್ರೋನ್ಸ್ ರೋಗ, ಅದು ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು. ನಡುನಡುವೆ ಜಾಗ ಬಿಟ್ಟು, ಕರುಳಿನ ಗೋಡೆಯ ಆಳಕ್ಕೂ ಇಳಿಯುತ್ತದೆ. ನಮ್ಮ ದೇಶದಲ್ಲಿ ಅದನ್ನು ಕರುಳಿನ ಟಿಬಿಯಿಂದ ಬೇರೆ ಮಾಡಿ ಗುರುತಿಸೋದೇ ಕಷ್ಟ. ನನ್ನದು ಅಲ್ಸರೇಟಿವ್ ಕೊಲೈಟಿಸ್. ಇದು ದೊಡ್ಡ ಕರುಳಿನ ಒಳಪದರದ ಉರಿಯೂತ. ಕೆಳಗೆ ಗುದದ ಹತ್ತಿರ ಶುರುವಾಗಿ ಎಡೆಬಿಡದೆ ಮೇಲಕ್ಕೆ ಹಬ್ಬುತ್ತದೆ. ನನಗೆ ಎಡಭಾಗದವರೆಗೆ ಮಾತ್ರ ಹಬ್ಬಿತ್ತು.

ಚಿಕಿತ್ಸೆ ಅರ್ಥವಾದದ್ದು ಈ ಚಿತ್ರದಿಂದಲೇ. ಕರುಳಿನ ಉರಿಯೂತ ಇಳಿಸುವ ಮೆಸಲಮಿನ್ ಗುಳಿಗೆ ಬಾಯಿಂದ ಹೋಗುತ್ತದೆ. ಆದರೆ ಹುಣ್ಣು ಇರುವುದು ಕೊನೆಯ ತುದಿಯಲ್ಲಿ ಅಲ್ವಾ? ಅದಕ್ಕೇ ಅದೇ ಔಷಧದ ಎನಿಮಾ, ಅಂದರೆ ಗುದದಿಂದ ಒಳಗೆ ಬಿಡುವ ದ್ರವ, ಕೂಡ ಬರೆದರು. ಗುಳಿಗೆ, ಎನಿಮಾ ಎರಡೂ ಸೇರಿದರೆ ಬರೀ ಗುಳಿಗೆಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ಬಹಳ ಮಂದಿ ನಾಚಿಕೆಗೆ ಎನಿಮಾ ಬಿಡುತ್ತಾರೆ. ಔಷಧ ನೇರವಾಗಿ ಹುಣ್ಣಿಗೇ ತಾಕುವಾಗ ಅದನ್ನು ಬಿಡೋದು ನನಗಂತೂ ಸರಿ ಕಾಣಲಿಲ್ಲ.

ಮಾಡುವ ರೀತಿ ಹೀಗೆ. ಮಲಗುವ ಮುಂಚೆ ಒಮ್ಮೆ ಸಂಡಾಸಿಗೆ ಹೋಗಿ ಬರುತ್ತೇನೆ. ಬಾಟಲಿಯನ್ನು ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರಲ್ಲಿ ಇಡುತ್ತೇನೆ. ಔಷಧ ತಣ್ಣಗಿದ್ದರೆ ಕರುಳು ಕೂಡಲೇ ಹೊರಗೆ ತಳ್ಳುತ್ತದೆ. ಔಷಧ ತಳದಲ್ಲಿ ಕೂತಿರುತ್ತದೆ, ಚೆನ್ನಾಗಿ ಅಲುಗಾಡಿಸಬೇಕು. ಹಾಸಿಗೆ ಮೇಲೆ ಹಳೇ ಟವೆಲ್. ಎಡ ಮಗ್ಗುಲಿಗೆ ಮಲಗಿ ಬಲ ಮೊಣಕಾಲು ಮಡಚಿ, ತುದಿಗೆ ವ್ಯಾಸಲಿನ್ ಸವರಿ, ನಿಧಾನವಾಗಿ ಹಿಂಡುತ್ತೇನೆ. ಕರುಳಿನ ಕೆಳಭಾಗ ಎಡಕ್ಕೇ ಇರುವುದರಿಂದ ಔಷಧ ತಾನೇ ಒಳಗೆ ಇಳಿಯುತ್ತದೆ. ಅರ್ಧ ಗಂಟೆ ಹಾಗೇ ಮಲಗಿರುತ್ತೇನೆ, ಆಮೇಲೆ ರಾತ್ರಿಯಿಡೀ ಒಳಗೇ ಉಳಿಸಿಕೊಳ್ಳಲು ನೋಡುತ್ತೇನೆ. ಮೊದಮೊದಲು ನಿಲ್ಲುತ್ತಿರಲಿಲ್ಲ. ಉರಿಯೂತ ಇಳಿದಂತೆ ನಿಲ್ಲತೊಡಗಿತು.

ಒಮ್ಮೆ ರೋಗ ಜೋರಾದಾಗ ಪ್ರೆಡ್ನಿಸೋಲೋನ್ ಅನ್ನುವ ಸ್ಟೆರಾಯ್ಡ್ ಕೊಟ್ಟರು. ಬೇಗ ಆರಾಮಾಯಿತು. ಮುಖ ಊದಿತು, ನಿದ್ದೆ ಹೋಯಿತು, ಹಸಿವೋ ಹಸಿವು. ಅದನ್ನು ತಟ್ಟನೆ ನಿಲ್ಲಿಸಬಾರದು, ಮಿಲಿಗ್ರಾಂ ಲೆಕ್ಕದಲ್ಲಿ ಇಳಿಸುತ್ತಾ ಬರಬೇಕು. ವರ್ಷಗಟ್ಟಲೆ ತಿನ್ನುವ ಔಷಧವೂ ಅಲ್ಲ. ಮತ್ತೆ ಮತ್ತೆ ಸ್ಟೆರಾಯ್ಡ್ ಬೇಕಾದರೆ, ದೇಹದ ರಕ್ಷಣಾ ವ್ಯವಸ್ಥೆಯ ಅಬ್ಬರ ತಗ್ಗಿಸುವ ಅಜಾಥಯೋಪ್ರಿನ್ ಗುಳಿಗೆ ಅಥವಾ ಬಯೋಲಾಜಿಕ್ ಇಂಜೆಕ್ಷನ್ ಯೋಚಿಸುತ್ತಾರೆ. ಅಜಾಥಯೋಪ್ರಿನ್‌ಗೆ ರಕ್ತಕಣಗಳ ಪರೀಕ್ಷೆ ತಪ್ಪಿಸುವಂತಿಲ್ಲ, ಬಯೋಲಾಜಿಕ್ಕಿಗೆ ಮೊದಲು ಟಿಬಿ ಇದೆಯಾ ನೋಡಬೇಕು.

ಖಾರದಿಂದ ಈ ರೋಗ ಹುಟ್ಟುವುದಿಲ್ಲ. ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿ ಬೀಳುವುದರಿಂದ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಹೊಟ್ಟೆ ಕೆಟ್ಟಾಗ ಮಾತ್ರ ನಾನು ಮೆತ್ತಗಿನ ಅನ್ನ, ಮಜ್ಜಿಗೆಗೆ ಬರುತ್ತೇನೆ. ಆರಾಮಿದ್ದಾಗ ಜೋಳದ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ನಡೆಯುತ್ತದೆ. ಪೂರ್ತಿ ಬಿಟ್ಟಿದ್ದು ಬೆನ್ನುನೋವಿಗೆ ನುಂಗುತ್ತಿದ್ದ ಡಿಕ್ಲೋಫೆನಾಕ್ ಗುಳಿಗೆ. ಅಂಥವು ಕೊಲೈಟಿಸ್ ಕೆರಳಿಸಬಹುದು. ನೋವಿದ್ದರೆ ಈಗ ಪ್ಯಾರಾಸಿಟಮಾಲ್.

ರಕ್ತ ನಿಂತ ಮೇಲೂ ಮೆಸಲಮಿನ್ ಬಿಟ್ಟಿಲ್ಲ, ಮತ್ತೆ ಕೆರಳದಂತೆ ತಡೆಯೋದು ಅದೇ. ಕರುಳಿನ ಉರಿಯೂತ ತೋರಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ, ಮೆಸಲಮಿನ್ ತಗೊಳ್ಳೋದರಿಂದ ಕಿಡ್ನಿ ಪರೀಕ್ಷೆ ಆಗಾಗ ಮಾಡಿಸುತ್ತೇನೆ. ರೋಗ ಶುರುವಾಗಿ 8 ವರ್ಷ ಕಳೆದರೆ ಕ್ಯಾನ್ಸರ್ ತಪಾಸಣೆಗೆ ಕೊಲೊನೋಸ್ಕೋಪಿ ಬೇಕು. ನನ್ನದು ದಸರಾ ಕಳೆದ ಕೂಡಲೇ ಇದೆ. ಆಮೇಲೆ ಪ್ರೆಸ್ಸಿನಲ್ಲಿ ಕ್ಯಾಲೆಂಡರ್ ಕೆಲಸ ಶುರುವಾದರೆ ರಜೆ ಸಿಗುವುದಿಲ್ಲ.