ಕ್ಲೈಂಬರ್ ಸ್ಟ್ಯಾಂಡ್: ನೆಲದಿಂದ ನೆಲದವರೆಗೂ ಮರಕ್ಕೆ ಕಟ್ಟಿಕೊಂಡಿರಿ

ಅಮೆರಿಕದ ಮಿಶಿಗನ್‌ನಲ್ಲಿ ಬಿಳಿಬಾಲದ ಜಿಂಕೆಯ ಬಿಲ್ಲುಬೇಟೆ ಅಕ್ಟೋಬರ್ 1ರಂದು ಶುರುವಾಗುತ್ತದೆ. (ಕರ್ನಾಟಕದಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಜಿಂಕೆಯ ಬೇಟೆ ಅಪರಾಧ, ಇಲ್ಲಿ ಹೇಳುವುದು ಅಲ್ಲಿನ ಪರವಾನಗಿ ಪಡೆದವರಿಗೆ.) ಅಲ್ಲಿ ಅನೇಕರು ಬಳಸುವ ಕ್ಲೈಂಬರ್ ಸ್ಟ್ಯಾಂಡ್ (ಮರ ಹತ್ತಿ ಮೇಲೆ ಕುಳಿತು ಬೇಟೆಗೆ ಕಾಯಲು ಬಳಸುವ, ಆಸನ ಮತ್ತು ಕಾಲಿಡುವ ಹಲಗೆ ಎಂಬ ಎರಡು ಭಾಗಗಳ ಸಾಧನ) ನಮ್ಮ ಮಲೆನಾಡಿನಲ್ಲಿ ತಳೆ ಹಾಕಿ ಅಡಿಕೆ ಮರ ಹತ್ತುವ ಕ್ರಮವನ್ನೇ ನೆನಪಿಸುತ್ತದೆ: ಮೇಲಿನ ಆಸನವನ್ನು ಸರಿಸಿ ಅದರ ಮೇಲೆ ಭಾರ ಹಾಕಬೇಕು, ಆಮೇಲೆ ಕಾಲಿಗೆ ಸಿಕ್ಕಿಸಿದ ಕೆಳಹಲಗೆಯನ್ನು ಎಳೆದುಕೊಳ್ಳಬೇಕು.

ಅರ್ಧ ಕೆಲಸ ಮರದ ಆಯ್ಕೆಯಲ್ಲೇ ಮುಗಿಯುತ್ತದೆ. ಜೀವಂತ, ನೇರ, ಕೊಂಬೆಯಿಲ್ಲದ ಕಾಂಡ ಬೇಕು. ಅದರ ದಪ್ಪವು ಸ್ಟ್ಯಾಂಡಿನ ಕೈಪಿಡಿ ಹೇಳಿದ ಮಿತಿಯೊಳಗಿರಬೇಕು. ಸಿಪ್ಪೆ ಸುಲಿದು ನೇತಾಡುವ ಶಾಗ್‌ಬಾರ್ಕ್ ಹಿಕರಿಯನ್ನೂ ಮಳೆಯಲ್ಲಿ ನೆನೆದ ನುಣುಪಾದ ಬೀಚ್ ಮರವನ್ನೂ ನಾನು ಮುಟ್ಟುವುದಿಲ್ಲ. ಭಾರದ ಮಿತಿ ಅನೇಕ ಸ್ಟ್ಯಾಂಡ್‌ಗಳಲ್ಲಿ 300 ಪೌಂಡ್; ಚಳಿಯ ಬಟ್ಟೆ, ಚೀಲ, ಬಿಲ್ಲು ಎಲ್ಲವೂ ಆ ಲೆಕ್ಕಕ್ಕೇ ಸೇರುತ್ತವೆ.

ಪೂರ್ಣದೇಹದ ಹಾರ್ನೆಸ್ಸನ್ನು (ಬಿದ್ದರೆ ತಡೆಹಿಡಿಯಲು ಮೈಗೆ ತೊಡುವ ಪಟ್ಟಿಗಳ ಜೋಡಣೆ) ನೆಲದಲ್ಲೇ ತೊಟ್ಟು, ಕಾಂಡಕ್ಕೆ ಸುತ್ತಿದ ಹಗ್ಗಕ್ಕೆ ಅದರ ಪಟ್ಟಿಯನ್ನು ಸಿಕ್ಕಿಸಿದ ಮೇಲೆಯೇ ಮೊದಲ ಹೆಜ್ಜೆ ಇಡಬೇಕು. ಮೇಲೆ ಕುಳಿತ ಮೇಲೆ ಕಟ್ಟಿಕೊಂಡರಾಯಿತು ಎನ್ನುವವರು ಬೀಳುವ ಅಪಾಯ ಹೆಚ್ಚಿರುವ ಹತ್ತುವ, ಇಳಿಯುವ ಹೊತ್ತನ್ನೇ ಕಟ್ಟಿಕೊಳ್ಳದೆ ಕಳೆಯುತ್ತಾರೆ. ಪ್ರತಿ ಹಂತದಲ್ಲೂ ಹಗ್ಗವನ್ನು ತಲೆಯ ಮಟ್ಟಕ್ಕೆ ಸರಿಸುತ್ತ ಹೋಗಿ. ಕುಳಿತಾಗ ಪಟ್ಟಿ ಸಡಿಲವಾಗಿ ಜೋತು ಬೀಳಬಾರದು. ಹಾರ್ನೆಸ್‌ನಲ್ಲೇ ತೂಗಾಡುವಂತಾದರೆ ತೊಡೆಯ ಪಟ್ಟಿಗಳು ರಕ್ತಸಂಚಾರವನ್ನು ತಡೆದು ಕೆಲವೇ ನಿಮಿಷಗಳಲ್ಲಿ ಜೀವಕ್ಕೆ ಕುತ್ತು ತರಬಲ್ಲವು. ಆದ್ದರಿಂದ ಕಾಲೂರಿ ನಿಲ್ಲಲು ಒಂದು ಕುಣಿಕೆಪಟ್ಟಿಯೂ ಫೋನೂ ಕೈಗೆಟಕುವ ಜೇಬಿನಲ್ಲಿರಲಿ.

ಕಾಂಡವು ಮೇಲೆ ಹೋದಂತೆ ಸಣ್ಣದಾಗುವುದರಿಂದ, ಬುಡದಲ್ಲಿ ಸಮತಟ್ಟಾಗಿ ಕೂರಿಸಿದ ಹಲಗೆ ಮೇಲೇರಿದಾಗ ಹೊರಗಡೆಗೆ ಇಳಿಜಾರಾಗಿಬಿಡುತ್ತದೆ. ಹಾಗಾಗಿ ಆರಂಭದಲ್ಲೇ ಅದರ ಹೊರ ಅಂಚನ್ನು ತುಸು ಎತ್ತರಿಸಿ, ಕಾಂಡವನ್ನು ಸುತ್ತುವ ಕೇಬಲ್ ಬಿಗಿಯಿರಿ. ಮೇಲಿನ ಕೆಳಗಿನ ಭಾಗಗಳನ್ನು ಹಗ್ಗದಿಂದ ಒಂದಕ್ಕೊಂದು ಕಟ್ಟುವುದನ್ನು ಎಂದೂ ಬಿಡಬೇಡಿ. ಒಮ್ಮೆ ಅವಸರದಲ್ಲಿ ನಾನು ಅದನ್ನು ಮರೆತಿದ್ದೆ. ಬೂಟು ಜಾರಿದ್ದೇ ತಡ, ಕೆಳಹಲಗೆ ಸರ್ರನೆ ಬುಡಕ್ಕಿಳಿಯಿತು, ನಾನು ಆಸನದಲ್ಲಿ ಕಾಲು ಇಳಿಬಿಟ್ಟು ಅರ್ಧ ಗಂಟೆ ಗೆಳೆಯನ ದಾರಿ ಕಾದೆ.

ಬಿಲ್ಲನ್ನು ಹೆಗಲಿಗೇರಿಸಿಕೊಂಡು ಹತ್ತಬಾರದು. ಬಾಣಗಳ ಮೊನೆಗಳನ್ನು ಬತ್ತಳಿಕೆಯ ಮುಚ್ಚಳದೊಳಗಿಟ್ಟು, ಕುಳಿತು ಭದ್ರವಾದ ಬಳಿಕ ಬೇರೆ ಹಗ್ಗದಿಂದ ಎಳೆದುಕೊಳ್ಳಿ. ಎತ್ತರ 15ರಿಂದ 20 ಅಡಿ ಸಾಕು; ಇನ್ನೂ ಮೇಲೇರಿದಷ್ಟು ಬಾಣದ ಕೋನ ಕಡಿದಾಗಿ, ಎರಡೂ ಶ್ವಾಸಕೋಶಗಳನ್ನು ಭೇದಿಸುವ ಅವಕಾಶ ಕಿರಿದಾಗುತ್ತದೆ, ಗಾಯಗೊಂಡ ಜಿಂಕೆ ತಪ್ಪಿಸಿಕೊಂಡು ನರಳುವ ಸಂಭವ ಹೆಚ್ಚುತ್ತದೆ.

ಇಳಿಯುವುದು ಸಾಮಾನ್ಯವಾಗಿ ಕತ್ತಲಲ್ಲಿ, ಮರಗಟ್ಟಿದ ಬೆರಳುಗಳಿಂದ. ತಲೆದೀಪ ಹಚ್ಚಿ, ನೀವು ಇಳಿಯುವ ಜಾಗದಿಂದ ಆಚೆಗೆ ಬಿಲ್ಲನ್ನು ಮೊದಲು ಇಳಿಬಿಡಿ. ಆಮೇಲೆ ಹಗ್ಗವನ್ನು ಹಂತ ಹಂತವಾಗಿ ಜಾರಿಸುತ್ತ ಬನ್ನಿ. ಎರಡೂ ಪಾದ ನೆಲಕ್ಕೆ ತಾಗಿದ ಮೇಲಷ್ಟೇ ಕೊಂಡಿ ಬಿಚ್ಚಿ.