ಬೋಟು ಇಳಿಯುವ ಮೊದಲೇ ಮನೆ ಭೇಟಿ

ಕಾರವಾರದ ಕಡಲತಡಿಯ ಪ್ರೌಢಶಾಲೆಗಳಲ್ಲಿ ಸಮಾಜಕಾರ್ಯಕರ್ತೆಯಾಗಿ ನಾನು ಮೊದಲು ಕೇಳುವುದು ಹಾಜರಿ ಪುಸ್ತಕ. ಆಪ್ತಸಮಾಲೋಚನೆ ಎಲ್ಲ ಆಮೇಲೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ಬಂದ್. ಆಗ ಮನೆಯಲ್ಲಿ ದುಡ್ಡಿರುವುದಿಲ್ಲ, ಮಕ್ಕಳೇನೋ ಶಾಲೆಯಲ್ಲಿರುತ್ತಾರೆ. ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗೆ ಇಳಿದವೋ, ಒಂಬತ್ತನೇ ತರಗತಿಯ ಹುಡುಗರ ಗೈರು ಶುರು. ‘ಓದಲು ಮನಸ್ಸಿಲ್ಲ’ ಎಂದು ಮೇಷ್ಟ್ರು ಷರಾ ಬರೆದುಬಿಡುತ್ತಾರೆ. ಆದರೆ ಅವರು ಹೋಗಿರುವುದು ಬೋಟಿನ ಕೆಲಸಕ್ಕೆ; ಎರಡು ತಿಂಗಳ ಕೈಸಾಲ ತೀರಬೇಕಲ್ಲ! ಅದಕ್ಕೇ ಜುಲೈ ಕೊನೆಯ ವಾರವೇ ನನ್ನ ಮನೆ ಭೇಟಿಗಳು ನಡೆಯುತ್ತವೆ.

ಹುಡುಗಿಯರ ಗೈರಿನ ಕಥೆ ಬೇರೆ. ತಾಯಿ ನಸುಕಿನಲ್ಲೇ ಮೀನು ಇಳಿಸುವ ಧಕ್ಕೆಗೆ ಹೋದರೆ ತಮ್ಮನನ್ನು ನೋಡಿಕೊಳ್ಳುವವಳು ಇವಳೇ. ಎರಡನೇ ಪಿರಿಯಡ್‌ಗೆ ಬಂದರೆ ಬಾಗಿಲಲ್ಲಿ ನಿಲ್ಲಿಸಿ ಬೈಯುತ್ತಾರೆ. ಮರುದಿನದಿಂದ ಬರುವುದೇ ಇಲ್ಲ. ಇಂಥಲ್ಲಿ ನಾನು ಬುದ್ಧಿ ಹೇಳಬೇಕಾದ್ದು ಹುಡುಗಿಗಲ್ಲ, ತಡವಾಗಿ ಬಂದರೂ ಒಳಗೆ ಕೂರಿಸಿ ಎಂದು ಮುಖ್ಯೋಪಾಧ್ಯಾಯರಿಗೆ.

ಬೆಳಿಗ್ಗೆ ಮನೆಗೆ ಹೋದರೆ ಬೀಗ. ತಾಯಂದಿರು ಮೀನು ಮಾರಿ ಬಂದು, ಬುಟ್ಟಿ ತೊಳೆದು, ಊಟ ಮುಗಿಸಿದ ಮೇಲೆ ಹೋಗುತ್ತೇನೆ. ಮಾತು ಕೊಂಕಣಿಯಲ್ಲಿ. ಕೈಯಲ್ಲಿ ಫೈಲ್ ಇರುವುದಿಲ್ಲ. ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಕುಟುಂಬಗಳ ಎದುರು ಫೈಲ್ ಬಿಚ್ಚಿದರೆ ಚಹಾ ಸಿಗಬಹುದು, ನಿಜ ಸಿಗುವುದಿಲ್ಲ.

ಒಬ್ಬ ಹುಡುಗನಿಗೆ ತಂದೆಯಿಲ್ಲ, ಮಾವನ ಬೋಟಿಗೆ ಹೊರಟಿದ್ದ. ಮಾವನ ಮುಂದೆ ಕಾನೂನು ಎತ್ತಲಿಲ್ಲ. ಎಸ್‌ಎಸ್‌ಎಲ್‌ಸಿಗೆ ಶೇ 75 ಹಾಜರಿ ಬೇಕೆಂದು ಹೇಳಿ, ಕ್ಯಾಲೆಂಡರ್ ಇಳಿಸಿ ಇಬ್ಬರೂ ದಿನ ಎಣಿಸಿದೆವು. ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಬಲೆ ಹೆಣೆಯಲಿ, ಕಡಲಿಗೆ ಬೇಡ ಎಂಬಲ್ಲಿಗೆ ಮಾತು ನಿಂತಿತು. ವಿಧವೆಯ ಮಗನಾದ್ದರಿಂದ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವಕ್ಕೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಹಾಕಿಸಿದೆ: ತಿಂಗಳಿಗೆ ₹4,000, ಹಳ್ಳಿಯವರಿಗೆ ವಾರ್ಷಿಕ ಆದಾಯದ ಮಿತಿ ₹72,000. ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ ತಾಯಿಯ ಜೊತೆ ನಾನೂ ಸಾಲಿನಲ್ಲಿ ನಿಂತೆ. ಅರ್ಧ ಸಮಾಜಕಾರ್ಯ ಆ ಸಾಲಿನಲ್ಲೇ ಆಗುತ್ತದೆ.

ಮನೆಯಲ್ಲಿ ಕೇಳಿದ್ದನ್ನೆಲ್ಲ ಸ್ಟಾಫ್‌ರೂಮಿಗೆ ತರುವುದಿಲ್ಲ. ‘ಈ ತಿಂಗಳು ಅವಳಿಗೆ ಸ್ವಲ್ಪ ಸಡಿಲ ಕೊಡಿ’ ಎಂದಷ್ಟೇ ಹೇಳುತ್ತೇನೆ. ಅಪ್ಪನ ಕುಡಿತ ಚಹಾ ಹೊತ್ತಿನ ಸುದ್ದಿಯಾಗಬಾರದು. ಆದರೆ ಮಗುವಿನ ಮೈಮುಟ್ಟಿದ ವಿಷಯ ಬಂದರೆ ಗುಟ್ಟು ಇಟ್ಟುಕೊಳ್ಳುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ಇದನ್ನು ಮಕ್ಕಳಿಗೆ ಮೊದಲ ಭೇಟಿಯಲ್ಲೇ, ಮಕ್ಕಳ ಸಹಾಯವಾಣಿ 1098ರ ಜೊತೆಗೆ, ಹೇಳಿಬಿಡುತ್ತೇನೆ. ಕೆಲವರು ಅಲ್ಲಿಗೇ ಸುಮ್ಮನಾಗುತ್ತಾರೆ. ಸಿಟ್ಟು ಮಾಡದೆ ಮುಂದಿನ ವಾರ ಮತ್ತೆ ಹೋಗುತ್ತೇನೆ.