ಕ್ಲಾಸಲ್ಲಿ ಬಾಯಿ ಬಿಡದವರನ್ನು ಗ್ರೂಪಲ್ಲಿ ಮಾತಾಡಿಸುವುದು ಹೇಗೆ?

"ಅರ್ಥ ಆಯ್ತಾ?" ಅಂತ ಕ್ಲಾಸ್ ಗ್ರೂಪಿಗೆ ಒಂದು ಮೆಸೇಜ್ ಹಾಕಿ ನೋಡಿ. ಹತ್ತು ನಿಮಿಷದಲ್ಲಿ ಮೂವತ್ತು "ಎಸ್ ಸರ್", ಹದಿನೈದು ಕೈಮುಗಿಯುವ ಚಿತ್ರ ಬಂದು ಬೀಳುತ್ತವೆ. ಯಾರಿಗೆ ಅರ್ಥ ಆಗಿಲ್ಲ ಅನ್ನೋದು ಮಾತ್ರ ಗೊತ್ತಾಗುವುದಿಲ್ಲ. ನಾನು ಹಳ್ಳಿ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿಗೆ ಗಣಿತ ಹೇಳುವವನು. ಎರಡು ವರ್ಷ ಇದೇ ಮಾಡಿದೆ. ಗೋಡೆ ಮೇಲಿದ್ದ ನೋಟಿಸ್ ಬೋರ್ಡು ಮೊಬೈಲಿಗೆ ಬಂದಿತ್ತು, ಅಷ್ಟೇ. ಆಮೇಲೆ ಒಂದು ಮಳೆಗಾಲದಲ್ಲಿ ಮಕ್ಕಳ ಕೈಲಿ ಮಳೆ ಅಳೆಸಿದೆ. ಆಗ ಗ್ರೂಪು ಮೊದಲ ಸಲ ಕೆಲಸಕ್ಕೆ ಬಂತು. ಆ ದಾರಿಯನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಫೋನು ಎಣಿಸಿ

ಯಾವ ಆ್ಯಪ್ ಅನ್ನೋದು ಆಮೇಲಿನ ಮಾತು. ಒಂದು ಹಾಳೆ ತೆಗೆದುಕೊಂಡು, ಯಾರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಅದು ಯಾರದ್ದು, ಮಗುವಿನ ಕೈಗೆ ಎಷ್ಟು ಹೊತ್ತಿಗೆ ಸಿಗುತ್ತದೆ ಅಂತ ಬರೆದುಕೊಳ್ಳಿ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳುವ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾದಾಗ ಇಂಟರ್ನೆಟ್ ಇರುವ ಫೋನಿನವರು, ಬರೀ ಫೋನಿನವರು, ಏನೂ ಇಲ್ಲದವರು ಅಂತ ಮೂರು ಗುಂಪು ಮಾಡಿದ್ದೆವಲ್ಲ, ಅದೇ ಲೆಕ್ಕ. ಆದರೆ ಈಗ ಬೇರೆ ಮಾಡಬೇಡಿ, ಬೆರೆಸಿ. ನಾಲ್ಕು ಮಕ್ಕಳ ಒಂದು ತಂಡ, ತಂಡಕ್ಕೆ ಒಂದಾದರೂ ಫೋನು, ಆದಷ್ಟೂ ಒಂದೇ ಕೇರಿಯವರು. ಫೋನು ಜಾಸ್ತಿ ಮನೆಗಳಲ್ಲಿ ಅಪ್ಪನದ್ದು, ಅಪ್ಪ ಗಾರೆ ಕೆಲಸ ಮುಗಿಸಿ ಬರೋದು ಸಂಜೆ 7ಕ್ಕೆ. ಮಧ್ಯಾಹ್ನ ಪ್ರಶ್ನೆ ಹಾಕಿ 5 ಗಂಟೆಗೆ ಉತ್ತರ ಕೇಳಿದರೆ ಹೇಗೆ? ನಾನು ಪ್ರತಿ ಕೆಲಸಕ್ಕೂ ಎರಡು ಸಂಜೆ ಕೊಡುತ್ತೇನೆ.

ಗ್ರೂಪು ಮಾಡುವಾಗ

ವಾಟ್ಸಾಪ್ ಸಾಕು. ಮನೆಯವರಿಗೆ ಗೊತ್ತಿರುವ ಆ್ಯಪು ಅದೊಂದೇ. ಮಕ್ಕಳ ಮಾಹಿತಿ ಬಳಸೋಕೆ ಹೆತ್ತವರ ಒಪ್ಪಿಗೆ ಬೇಕು ಅಂತ 2023ರ ಡೇಟಾ ರಕ್ಷಣೆ ಕಾಯ್ದೆಯೂ ಹೇಳುತ್ತದೆ. ಹಾಗಾಗಿ ಪೋಷಕರ ಸಭೆಯಲ್ಲೇ ವಿಷಯ ತಿಳಿಸಿ ಸಹಿ ಹಾಕಿಸಿಕೊಳ್ಳಿ, ಅವರದ್ದೇ ನಂಬರ್ ಸೇರಿಸಿ.

ಮಾಮೂಲಿ ಗ್ರೂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳ ತಾಯಂದಿರು ಬೇಡ ಅನ್ನೋದು ಇದಕ್ಕೇ, ಅವರ ಮಾತು ಸರಿಯಾಗಿಯೇ ಇದೆ. ಅದಕ್ಕೆ ವಾಟ್ಸಾಪಿನ 'ಕಮ್ಯುನಿಟಿ' ಬಳಸಿ. ಅದರ ಪ್ರಕಟಣೆ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು, ಒಬ್ಬ ಸದಸ್ಯರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಅದರ ಕೆಳಗೆ ತಂಡಕ್ಕೊಂದು ಚಿಕ್ಕ ಗ್ರೂಪು. ಇಲ್ಲಿ ನಂಬರ್ ಕಾಣುತ್ತದೆ ನಿಜ, ಆದರೆ ಒಂದೇ ಕೇರಿಯವರು, ಮೊದಲೇ ಪರಿಚಯ. ಪ್ರತಿ ಗ್ರೂಪಿನಲ್ಲೂ ನಿಮ್ಮ ಜೊತೆ ಇನ್ನೊಬ್ಬ ಮೇಡಂ ಅಥವಾ ಮೇಷ್ಟ್ರು ಇರಲಿ. ಗುಡ್ ಮಾರ್ನಿಂಗ್ ಹೂವು, ಫಾರ್ವರ್ಡ್ ಮೆಸೇಜು ಬೇಡ ಅಂತ ಮೊದಲ ದಿನವೇ ಹೇಳಿಬಿಡಿ. (ಮೊದಲು ಮುರಿಯುವವರು ಮೇಷ್ಟ್ರುಗಳೇ, ಇರಲಿ.)

ಎಂಥ ಪ್ರಶ್ನೆ?

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಕ್ಲಾಸುಗಳನ್ನು ಟೇಪಿನಲ್ಲಿ ರೆಕಾರ್ಡ್ ಮಾಡಿ ಕೇಳಿದ್ದರು. ಪ್ರಶ್ನೆ ಹಾಕಿದ ಮೇಲೆ ಟೀಚರ್ ಉತ್ತರಕ್ಕೆ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರ ಉದ್ದವಾಯಿತು, ಸುಮ್ಮನೆ ಕೂತಿರುತ್ತಿದ್ದವರೂ ಮಾತಾಡಿದರು. ಗ್ರೂಪಿನಲ್ಲಿ ಇಡೀ ಸಂಜೆ ಇರುತ್ತದೆ. ಆದರೂ ಯಾಕೆ ಉತ್ತರ ಬರುವುದಿಲ್ಲ ಅಂದರೆ, ಮೊದಲನೆಯವನು ಹಾಕಿದ್ದನ್ನು ಉಳಿದವರು ಕಾಪಿ ಮಾಡಿ ಹಾಕಿದರೆ ಮುಗಿದೇ ಹೋಗುತ್ತದಲ್ವಾ? ಹಾಗಾಗಿ ಮನೆಮನೆಗೂ ಉತ್ತರ ಬೇರೆ ಬರುವಂಥದ್ದನ್ನೇ ಕೇಳಬೇಕು. ಟೈಪ್ ಮಾಡೋಕೆ ಬೇಜಾರಾದರೆ ವಾಯ್ಸ್ ಮೆಸೇಜ್ ಹಾಕಲಿ, ಒಂದು ನಿಮಿಷದ ಒಳಗೆ. ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಅಕ್ಷರ ಮೂಡಿಸುತ್ತದೆ, ತಪ್ಪು ತಿದ್ದಿಕೊಂಡರಾಯಿತು.

ಮಳೆ ಲೆಕ್ಕ

ನೆಟ್ಟಗಿರುವ 2 ಲೀಟರ್ ಬಾಟಲಿಯ ತಲೆ ಕತ್ತರಿಸಿ, ಅದನ್ನೇ ಬೋರಲಾಗಿ ಆಲಿಕೆಯ ಹಾಗೆ ಕೂರಿಸಬೇಕು. ತಳ ಸಮ ಇರುವುದಿಲ್ಲ, ಅದಕ್ಕೆ ಒಂದಿಷ್ಟು ಕಲ್ಲು ಹಾಕಿ, ನೇರ ಭಾಗ ಶುರುವಾಗುವ ತನಕ ನೀರು ತುಂಬಿ, ಅಲ್ಲಿಗೆ ಸೊನ್ನೆ ಬರುವಂತೆ ಹೊರಗೆ ಸ್ಕೇಲು ಅಂಟಿಸಬೇಕು. ಹವಾಮಾನ ಇಲಾಖೆಯವರು ಮಳೆ ಅಳೆಯುವುದು ಬೆಳಿಗ್ಗೆ 8:30ಕ್ಕೆ, ನಮ್ಮ ಮಕ್ಕಳೂ ಅಷ್ಟಕ್ಕೇ ನೋಡುತ್ತಾರೆ. ನೋಡಿದ ಮೇಲೆ ಮತ್ತೆ ಸೊನ್ನೆಗೆ ತರಬೇಕು. ಫೋನ್ ಇಲ್ಲದವರು ನೋಟ್ ಬುಕ್ಕಿನಲ್ಲಿ ಬರೆದುಕೊಂಡು ಬರುತ್ತಾರೆ, ಸಂಜೆ ತಂಡದ ಫೋನಿನಿಂದ ಎಲ್ಲರ ಅಂಕಿಯೂ ಒಂದೇ ಗೂಗಲ್ ಶೀಟಿಗೆ ಹೋಗುತ್ತದೆ.

ಶೀಟಿನ ಲಿಂಕ್ ಕೊಡುವಾಗ 'ಎಡಿಟರ್' ಅಂತ ಆರಿಸಿ, ಇಲ್ಲದಿದ್ದರೆ ನೋಡಬಹುದು ಅಷ್ಟೇ, ಬರೆಯೋಕೆ ಆಗುವುದಿಲ್ಲ. ಹೆಸರು ಸಾಕು, ನಂಬರ್ ಬೇಡ. ಯಾರಾದರೂ ಎಲ್ಲಾ ಅಳಿಸಿಬಿಟ್ಟರೆ (ಅಳಿಸುತ್ತಾರೆ, ನಮ್ಮಲ್ಲಿ ಮೂರನೇ ದಿನವೇ ಆಯಿತು) ಬೈಯಬೇಡಿ. ಕಂಪ್ಯೂಟರಿನಲ್ಲಿ ಫೈಲ್ ಮೆನುವಿನ 'ವರ್ಷನ್ ಹಿಸ್ಟರಿ'ಗೆ ಹೋದರೆ ಹಳೆಯದು ಹಾಗೇ ಸಿಗುತ್ತದೆ. ಕೊನೆಗೆ 'ಅನುಮಾನ' ಅಂತ ಒಂದು ಕಾಲಂ ಇಡಿ. ಪ್ರತಿ ತಂಡವೂ ಇನ್ನೊಂದು ತಂಡದ ಒಂದು ಅಂಕಿಗೆ ಪ್ರಶ್ನೆ ಬರೆಯಲೇಬೇಕು. ನನ್ನ ಕೇಳಿದರೆ ಇಡೀ ಶೀಟಿನಲ್ಲಿ ಬೆಲೆ ಇರೋದು ಈ ಕಾಲಂಗೇ.

ಒಂದು ದಿನ ಐದು ಕಡೆಯ ಮಳೆ ಹೀಗಿತ್ತು: 17, 18, 18, 20, 62 ಮಿಲಿಮೀಟರ್. ವರ್ಷದಲ್ಲಿ ಒಮ್ಮೆಯೂ ಕೈ ಎತ್ತದ ಹುಡುಗಿಯೊಬ್ಬಳು ಅನುಮಾನದ ಕಾಲಂನಲ್ಲಿ ಬರೆದಿದ್ದಳು, "ಅವರ ಬಾಟಲಿ ಸೂರಿನ ಕೆಳಗೆ ಇದೆಯಾ?" ಹೋಗಿ ನೋಡಿದರೆ ಹೌದು, ಹೆಂಚಿನ ನೀರೆಲ್ಲ ಅದಕ್ಕೇ ಬೀಳುತ್ತಿತ್ತು.

ಮರುದಿನ ಕ್ಲಾಸಿಗೆ ತನ್ನಿ

ಇದನ್ನು ಬಿಟ್ಟರೆ ಮೇಲಿನದ್ದೆಲ್ಲ ದಂಡ. ಆ ಐದು ಅಂಕಿಯನ್ನು ಬೋರ್ಡಿನ ಮೇಲೆ ಬರೆದೆ. ಸರಾಸರಿ 27 ಬಂತು, ಮಧ್ಯಾಂಕ (ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆದಾಗ ನಡುವೆ ಬರುವ ಅಂಕಿ) 18. ಐದರಲ್ಲಿ ನಾಲ್ಕು ಕಡೆ 20 ದಾಟಿಲ್ಲ, ಸರಾಸರಿ ಮಾತ್ರ 27 ಅನ್ನುತ್ತಿದೆ, ಯಾಕೆ? ಅವತ್ತು ಪುಸ್ತಕ ತೆಗೆಯಲೇ ಇಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ, ಆ ಲೆಕ್ಕದ ಜೊತೆಗೂ ಹೋಲಿಸಿ ನೋಡಬಹುದು. ಒಬ್ಬ ಹುಡುಗ ಅಜ್ಜನನ್ನು ಕೇಳಿ ಆರಿದ್ರಾ, ಪುನರ್ವಸು, ಪುಷ್ಯ ಅಂತ ಮಳೆ ಹೆಸರಿನ ಕಾಲಂ ತಾನೇ ಸೇರಿಸಿದ. ನಾನು ಹೇಳಿರಲಿಲ್ಲ.

ವಿಡಿಯೋ ಕ್ಲಾಸು? ಕೃಷಿ ಅಧಿಕಾರಿಯಂಥ ಹೊರಗಿನವರನ್ನು ಮಾತಾಡಿಸೋಕೆ ಸರಿ. ಶಾಲೆಯ ಒಂದೇ ಕಂಪ್ಯೂಟರಿನಿಂದ ಇಡೀ ಕ್ಲಾಸು ಕೇಳಬಹುದು. ಝೂಮ್ ಪುಕ್ಕಟೆ ಮೀಟಿಂಗು 40 ನಿಮಿಷಕ್ಕೆ ಕಟ್ ಆಗುತ್ತದೆ, ಒಂದು ಪೀರಿಯಡ್ಡಿಗೆ ಅಷ್ಟು ಸಾಕು.

ರಾತ್ರಿ 9ರ ಮೇಲೆ ಯಾರೂ ಏನೂ ಹಾಕಬಾರದು, ನೀವೂ ಸೇರಿ. ಮಾರ್ಚಿಯಲ್ಲಿ ಗ್ರೂಪುಗಳನ್ನೆಲ್ಲ ಮುಚ್ಚಿಬಿಡಿ, ಶೀಟನ್ನು ಮಾತ್ರ 'ವ್ಯೂವರ್' ಮಾಡಿ ಇಟ್ಟುಕೊಳ್ಳಿ. ಜೂನಿನಲ್ಲಿ ಬರುವ ಹೊಸ ಒಂಬತ್ತನೇ ಕ್ಲಾಸಿನವರು ಹೋದ ವರ್ಷದ ಮಳೆ ಎಷ್ಟಿತ್ತು ಅಂತ ಕೇಳುತ್ತಾರೆ.